ಹಳೇ ಪ್ರೊಜೆಕ್ಟರ್‌ಗೆ ಬಲ್ಬ್ ಸಿಗ್ತಿಲ್ವಾ? ಕೋಡ್ ಹೇಳಿ ಕೇಳಿ

ಅಜ್ಜನ ಕಾಲದ ಸೂಪರ್ 8 (ಮನೆ ಸಿನಿಮಾದ 8 ಮಿ.ಮೀ. ಫಿಲ್ಮ್) ಪ್ರೊಜೆಕ್ಟರ್ ಬಲ್ಬ್ ಹೋಗಿದೆ ಅಂತ ಅಟ್ಟಕ್ಕೆ ಹಾಕಿದ್ದೀರಾ? ಗುಜರಿಗೆ ಕೊಡಬೇಡಿ. ನಾನೂ ಬಳ್ಳಾರಿ ಬಿಸಿಲಲ್ಲಿ ಎಲೆಕ್ಟ್ರಿಕ್ ಅಂಗಡಿಗಳನ್ನೆಲ್ಲ ಸುತ್ತಿ, ‘ಪ್ರೊಜೆಕ್ಟರ್ ಬಲ್ಬ್ ಇದೆಯಾ’ ಅಂತ ಕೇಳಿ ಬರಿಗೈಲಿ ಬಂದವನೇ. ನಾನು ಕೇಳಿದ ರೀತಿಯೇ ತಪ್ಪು.

ಸುಟ್ಟ ಬಲ್ಬನ್ನು ಎಸೆಯದೆ ನೋಡಿ. ಎಷ್ಟೋ ಬಲ್ಬುಗಳ ಮೇಲೆ ಮೂರು ಅಕ್ಷರದ ಕೋಡ್ ಇರುತ್ತದೆ. ಇಎಫ್‌ಪಿ (EFP) ಅಂದರೆ 12 ವೋಲ್ಟ್, 100 ವ್ಯಾಟ್. ಇಎಫ್‌ಆರ್ (EFR) ಅಂದರೆ 15 ವೋಲ್ಟ್, 150 ವ್ಯಾಟ್. ಇದೇ ಬಲ್ಬುಗಳನ್ನು ಮೈಕ್ರೋಸ್ಕೋಪ್, ಎಂಡೋಸ್ಕೋಪಿ ದೀಪಗಳಿಗೂ ಹಾಕುತ್ತಾರೆ. ಹಾಗಾಗಿ ಆಸ್ಪತ್ರೆ, ಲ್ಯಾಬ್ ಸಾಮಾನು ಮಾರುವವರನ್ನು ವಿಚಾರಿಸಿ. ನನಗೆ ಸಿಕ್ಕಿದ್ದು ಅಲ್ಲೇ. ಬೆಳಕು ಜಾಸ್ತಿ ಬರಲಿ ಅಂತ ಬೇರೆ ವ್ಯಾಟ್ ಹಾಕಲು ಹೋಗಬೇಡಿ, ಫಿಲ್ಮ್ ಸುಟ್ಟೀತು.

ಹೊಸ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಜಾಸ್ತಿ ಕಾದು ಬೇಗ ಹೋಗುತ್ತದೆ. ಬಟ್ಟೆಯಲ್ಲಿ ಹಿಡಿದು ಕೂರಿಸಿ. ಅಮೆರಿಕದಿಂದ ತಂದ ಯಂತ್ರವಾದರೆ ನಮ್ಮ 230 ವೋಲ್ಟಿಗೆ ನೇರ ಕೊಡಬೇಡಿ, ಟ್ರಾನ್ಸ್‌ಫಾರ್ಮರ್ ಬೇಕು. ಒಳಗಿನ ರಬ್ಬರ್ ಬೆಲ್ಟನ್ನೂ ನೋಡಿ, ಹಳೆಯದು ಕರಗಿ ಅಂಟಾಗಿರುತ್ತದೆ.

50 ಅಡಿ ರೀಲು ಓಡುವುದು ಮೂರು ನಿಮಿಷ ಚಿಲ್ಲರೆ ಅಷ್ಟೇ. ನಮ್ಮ ರೀಲಿನಲ್ಲಿ ತುಂಗಭದ್ರಾ ಡ್ಯಾಂ ಗೇಟಿನ ಮುಂದೆ ಅಜ್ಜಿ ಕೊಡೆ ಹಿಡಿದು ನಿಂತಿದ್ದಾಳೆ. ಮೂರು ಸಲ ಓಡಿಸಿದೆವು.