ಅಪ್ಪನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಆರಿಸಿದ್ದು ಹೇಗೆ

ನಮ್ಮ ಮನೆಯ ಲ್ಯಾಪ್‌ಟಾಪ್ 2016ರದ್ದು. ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಅಪ್ಪ ಅದರಲ್ಲಿ ಮಾಡೋದು ನಾಲ್ಕು ಕೆಲಸ. ಪೇಪರ್ ಓದುತ್ತಾರೆ, ಯಕ್ಷಗಾನ ನೋಡುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ಇಷ್ಟಕ್ಕೆ ಸಾಕಾಗುವ ಮಷೀನನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಅದರಲ್ಲಿ ಹಲವು ಬಗೆ ಇವೆ, ಯಾವುದು ಒಳ್ಳೇದು ಅಂತ ಓದುತ್ತಾ ಕೂತರೆ ಮುಗಿಯೋದೇ ಇಲ್ಲ. ಹಾಗಾಗಿ 32 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಿಂದ ಹಲವು ಸಿಸ್ಟಂ ಬೂಟ್ ಮಾಡಿಸುವ ತಂತ್ರಾಂಶ) ಹಾಕಿ, ಉಬುಂಟು 24.04, ಝೋರಿನ್, ಮಿಂಟ್ 22ರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ, ಈ ಮೂರು ಲಿನಕ್ಸ್‌ಗಳ ಐಎಸ್ಒ ಫೈಲನ್ನೂ (ಇಡೀ ಸಿಸ್ಟಂ ಇರುವ ಒಂದೇ ಫೈಲ್) ಸುಮ್ನೆ ಅದಕ್ಕೆ ಕಾಪಿ ಮಾಡಿದೆ. ಬೂಟ್ ಮಾಡುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ಇನ್‌ಸ್ಟಾಲ್ ಒತ್ತದ ತನಕ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಒಂದೊಂದರಲ್ಲೂ ಒಂದು ದಿನ ಅಪ್ಪನ ನಾಲ್ಕು ಕೆಲಸಗಳನ್ನು ಮಾಡಿ ನೋಡಿದೆ. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲವೂ ನಿಧಾನವೇ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಎಷ್ಟು ಉಳಿದಿದೆ ನೋಡಿ. ಉಬುಂಟು ನನಗೆ ತುಂಬಾ ಇಷ್ಟವಾಯಿತು, ಆದರೆ 4 ಜಿಬಿಯಲ್ಲಿ ಫೈರ್‌ಫಾಕ್ಸ್ ಜೊತೆ ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ್ದು) ತೆರೆದರೆ ಜಾಗವೇ ಉಳಿಯಲಿಲ್ಲ. ಮಿಂಟ್‌ನಲ್ಲಿ ಉಳಿಯಿತು. ಮೆನು ಎಡಗಡೆ ಕೆಳಮೂಲೆಯಲ್ಲೇ ಇದೆ, ಅಪ್ಪ ನನ್ನನ್ನು ಕೇಳದೆ ಹುಡುಕಿಕೊಂಡರು. ಇದಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ನಿಜವಾದ ಪರೀಕ್ಷೆ ಕನ್ನಡದ್ದು. ಅಪ್ಪನ ಬೆರಳು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಗೆ ಒಗ್ಗಿದೆ, ಅಂದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಕೆಜಿಪಿ ಅನ್ನೋದನ್ನು ಆರಿಸಿದೆ. ಅಪ್ಪ ಕೆ, ಎಫ್, ಕೆ ಒತ್ತಿದರು. 'ಕ್ಕ' ಬಂತು. "ಅದೇ ಕಣೋ ಇದು!" ಅಂದರು.

ಹಳೇ ಫೈಲುಗಳು ಮಾತ್ರ ಕೈಕೊಟ್ಟವು. ನುಡಿ ಫಾಂಟ್‌ನಲ್ಲಿ ಬರೆದಿಟ್ಟ ಹತ್ತು ವರ್ಷದ ಪತ್ರಗಳು ಲಿಬ್ರೆಆಫೀಸ್‌ನಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಸೊಟ್ಟ ಚಿಹ್ನೆಗಳಾಗಿ ಕಂಡವು. ಅಪ್ಪನ ಮುಖ ಸಪ್ಪಗಾಯಿತು. ಆ ಫೈಲುಗಳು ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣೋದು. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ತಂದು, ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ (ಅಡಗಿದ ಫೋಲ್ಡರ್‌ಗಳು ಕಾಣಲು), ಚುಕ್ಕಿಯಿಂದ ಶುರುವಾಗುವ ಫಾಂಟ್ಸ್ ಅನ್ನೋ ಫೋಲ್ಡರ್ ಮಾಡಿ ಹಾಕಿದೆ. ಲಿಬ್ರೆಆಫೀಸ್ ಮುಚ್ಚಿ ತೆರೆದ ಮೇಲೆ ಪತ್ರಗಳು ಮೊದಲಿನ ಹಾಗೇ ಕಂಡವು. ನೀವೂ ವಿಂಡೋಸ್ ಅಳಿಸುವ ಮುಂಚೆ ಆ ಫಾಂಟುಗಳನ್ನು ಎತ್ತಿಟ್ಟುಕೊಳ್ಳಿ, ಮರೀಬೇಡಿ.

ಪ್ರಿಂಟರ್‌ಗೆ ಅರ್ಧ ಭಾನುವಾರ ಹೋಯಿತು. ಕಂಪನಿಯ ಲಿನಕ್ಸ್ ಡ್ರೈವರ್ ಇಳಿಸಿಕೊಂಡ ಮೇಲೆ ಸರಿಯಾಯಿತು.

ಕೊನೆಗೆ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ ಮಿಂಟ್ ಇನ್‌ಸ್ಟಾಲ್ ಮಾಡಿದೆ. ಮೊದಲೆಲ್ಲ ಅಪ್ಪ ಬಟನ್ ಒತ್ತಿ ಕಾಫಿ ತರಲು ಒಳಗೆ ಹೋಗುತ್ತಿದ್ದರು. ಈಗ ಕಾಫಿ ಮೊದಲೇ ತಂದಿಟ್ಟುಕೊಂಡು ಕೂರುತ್ತಾರೆ.