ಜಠರದ ಕ್ಯಾನ್ಸರ್: ಆಪರೇಷನ್‌ಗೆ ಮುಂಚೆ ಸ್ನಾಯು ಉಳಿಸಿಕೊಳ್ಳುವುದು ಹೇಗೆ?

ಜಠರದ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಮನೆಯವರು ರೋಗಿಗೆ ಕೊಡುವುದು ಎಳನೀರು, ತೆಳು ಗಂಜಿ, ಮೂಸಂಬಿ ರಸ. ಅಕ್ಕರೆಯಿಂದಲೇ ಕೊಡುತ್ತಾರೆ. ಆದರೆ ಆಪರೇಷನ್ ಹೊತ್ತಿಗೆ ತೋಳು, ತೊಡೆ ಸೊರಗಿರುತ್ತವೆ. ಸ್ನಾಯು ಕರಗಿದವರಿಗೆ ಶಸ್ತ್ರಚಿಕಿತ್ಸೆಯ ನಂತರ ಸೋಂಕು, ನ್ಯುಮೋನಿಯಾದಂಥ ತೊಂದರೆಗಳು ಹೆಚ್ಚು. ಮನೆಗೆ ಮರಳುವುದೂ ತಡ.

ಮೊದಲು ಅಳತೆ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಡಾಕ್ಟರಿಗೆ ತಿಳಿಸಿ. ಮೈ ತುಂಬಿಕೊಂಡಿದ್ದಾರೆಂದು ಸುಮ್ಮನಿರಬೇಡಿ, ಕೊಬ್ಬಿನ ಮರೆಯಲ್ಲೂ ಸ್ನಾಯು ಸೊರಗುತ್ತದೆ.

ಎರಡನೆಯದು ಊಟ. ಎಲ್ಲರೂ ಎಡವುವುದು ಇಲ್ಲೇ. ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು, 50 ಕೆ.ಜಿ.ಯವರಿಗೆ 60–75 ಗ್ರಾಂ. ಎರಡು ಮೊಟ್ಟೆಯಲ್ಲಿ ಸಿಗುವುದು 12, ಅರ್ಧ ಲೀಟರ್ ಹಾಲು–ಮೊಸರಿನಲ್ಲಿ ಸುಮಾರು 16, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ಉಳಿದದ್ದನ್ನು ಗಟ್ಟಿ ಬೇಳೆ, ಮೀನು, ಕೋಳಿ ತುಂಬಬೇಕು. ತಿಳಿಸಾರು ಲೆಕ್ಕಕ್ಕಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬುವ ರೋಗವಿದು. ಹಾಗಾಗಿ ಮೂರು ಹೊತ್ತು ಬಿಟ್ಟು ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ಪ್ರೊಟೀನಿನ ಪದಾರ್ಥವನ್ನೇ ಮೊದಲು ತಿನ್ನಿಸಿ. ನೀರು, ಮಜ್ಜಿಗೆ ಊಟದ ಜೊತೆ ಬೇಡ, ನಡುವೆ ಇರಲಿ. ರಾಗಿ ಗಂಜಿಯೇ ಬೇಕೆಂದರೆ ನೀರಿನ ಬದಲು ಹಾಲಿನಲ್ಲಿ ಕುದಿಸಿ, ಎರಡು ಚಮಚ ಹಾಲಿನ ಪುಡಿ, ನುಣ್ಣಗೆ ಜರಡಿ ಹಿಡಿದ ಹುರಿಗಡಲೆ ಹಿಟ್ಟು ಬೆರೆಸಿ. ದುಬಾರಿ ಪ್ರೊಟೀನ್ ಪುಡಿಯ ಡಬ್ಬಗಳಿಗಿಂತ ನನಗೆ ಇದೇ ಮೇಲು. ಡಬ್ಬವೇ ಬೇಕಾದರೆ ಹಿಂಬದಿಯಲ್ಲಿ ಪ್ರೊಟೀನ್ ಎಷ್ಟು, ಸಕ್ಕರೆ ಎಷ್ಟು ಓದಿ. ಸಕ್ಕರೆಯೇ ಜಾಸ್ತಿಯಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕಿಡ್ನಿ ತೊಂದರೆಯಿದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರೇ ಹೇಳಬೇಕು.

ಮೂರನೆಯದು ಕಸರತ್ತು. ವಾಕಿಂಗ್ ಒಂದೇ ಸಾಲದು. ಕುರ್ಚಿಯಿಂದ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳು ಮಡಚುವುದು ದಿನವೂ ಆಗಲಿ. ಗಡ್ಡೆಯಿಂದ ರಕ್ತ ಸೋರಿ ಹಿಮೋಗ್ಲೋಬಿನ್ ಇಳಿದಿರುವುದುಂಟು. ತಲೆ ಸುತ್ತಿದರೆ ನಿಲ್ಲಿಸಿ, ವೈದ್ಯರನ್ನು ಕೇಳಿ.

ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಕಾಯಬೇಡಿ. ಆರು ತಿಂಗಳಲ್ಲಿ ತೂಕ ಶೇ 10ಕ್ಕಿಂತ ಹೆಚ್ಚು ಇಳಿದವರಿಗೆ ಒಂದೆರಡು ವಾರ ಪೋಷಣೆ ಕೊಡಲೆಂದೇ ಆಪರೇಷನ್ ಮುಂದೂಡುವುದುಂಟು. ಆಗ ಆಹಾರ ಕೊಡಲು ಮೂಗಿನ ನಳಿಕೆ ಹಾಕೋಣ ಎಂದು ವೈದ್ಯರು ಹೇಳಿದರೆ ದಯವಿಟ್ಟು ಒಪ್ಪಿಕೊಳ್ಳಿ.