ಹಳೇ ಲಾನ್ ಮೋವರ್ ಯಾವ ವರ್ಷದ್ದು? ನಾನು ಕಂಡುಹಿಡಿಯುವ ರೀತಿ

ಹಳೇ ಲಾನ್ ಮೋವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ, ಮಾರುವವರಿಗೆ ಒಂದು ಅಭ್ಯಾಸ ಇದೆ. ಹಸಿರು ಬಣ್ಣ, ಮೇಲೆ ‘ಆಟ್ಕೋ’ ಅಂತ ಹೆಸರು. ಇಷ್ಟಿದ್ದರೆ ಸಾಕು, "1921ರದ್ದು" ಅಂದುಬಿಡುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ಚಾರ್ಲ್ಸ್ ಎಚ್. ಪ್ಯೂ ಕಂಪನಿ ಆಟ್ಕೋ ಮೋಟಾರ್ ಮೋವರನ್ನು ಮೊದಲು ಮಾರಿದ ವರ್ಷ ಅದು, ನಿಜ. ಆದರೆ ಆಮೇಲೆ ದಶಕಗಟ್ಟಲೆ ಅದೇ ಹೆಸರಿನಲ್ಲಿ ಯಂತ್ರಗಳು ಬಂದಿವೆ. ಹೆಸರು ಹುಟ್ಟಿದ ವರ್ಷ ಬೇರೆ, ನಿಮ್ಮೆದುರಿಗಿರುವ ಯಂತ್ರ ಹುಟ್ಟಿದ ವರ್ಷ ಬೇರೆ ಅಲ್ವಾ?

ನಾನು ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದವನು. ಇಲ್ಲಿಗೆ ಬಂದ ಮೇಲೆ ಈ ಹುಚ್ಚು ಹಿಡಿಯಿತು. ನನಗೆ ಬೇಕಾದದ್ದು ಸಿಲಿಂಡರ್ ಮೋವರ್‌ಗಳು ಮಾತ್ರ. ಸಿಲಿಂಡರ್ ಅಂದರೆ ಇಲ್ಲಿ ಎಂಜಿನ್ನಿನದ್ದಲ್ಲ. ಬಾಗಿದ ಬ್ಲೇಡುಗಳನ್ನು ಸುತ್ತ ಕೂರಿಸಿದ ಉರುಳೆ. ಅದು ತಿರುಗುತ್ತಾ ಹುಲ್ಲನ್ನು ಕೆಳಗಿನ ಅಲುಗಾಡದ ಬ್ಲೇಡಿಗೆ ಒತ್ತಿ, ಕತ್ತರಿಯ ಹಾಗೆ ಕತ್ತರಿಸುತ್ತದೆ. ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಹತ್ತಿರದ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆ ಊರಿನ ಮಿಲ್ಲುಗಳಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸಮವಾಗಿ ಕತ್ತರಿಸುವ ಯಂತ್ರ ಇತ್ತು. ಅದನ್ನು ನೋಡಿ ಹುಲ್ಲಿಗೂ ಹೀಗೆ ಮಾಡಬಹುದಲ್ಲ ಅಂತ ಹೊಳೆದದ್ದಂತೆ. ಇವತ್ತಿಗೂ ಕ್ರಿಕೆಟ್ ಪಿಚ್ ಕತ್ತರಿಸುವುದು ಇದೇ ಬಗೆಯ ಯಂತ್ರದಲ್ಲಿ.

ನಾನು ಮೊದಲು ಮಾಡುವ ಕೆಲಸ, ಮೋವರನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿಕೊಳ್ಳುವುದು. ಚಾಸಿಸ್ (ಎಂಜಿನ್ ಬಿಟ್ಟು ಉಳಿದ ಚೌಕಟ್ಟು) ಒಂದು, ಎಂಜಿನ್ ಒಂದು. ಎರಡಕ್ಕೂ ಬೇರೆ ಬೇರೆ ವರ್ಷ ಹುಡುಕಬೇಕು. ಹೆಚ್ಚಿನ ಕಂಪನಿಗಳು ಎಂಜಿನ್ನನ್ನು ಹೊರಗಿನಿಂದ ತರಿಸಿ ಕೂರಿಸುತ್ತಿದ್ದವು. ಕೆಟ್ಟಾಗ ಮಾಲೀಕರು ಸಿಕ್ಕಿದ ಎಂಜಿನ್ ತಂದು ಹಾಕುತ್ತಿದ್ದರು. ಗೆಳೆಯರೊಬ್ಬರು ಫೋಟೋ ಕಳಿಸಿ, "ಸಾರ್, ಎರಡನೇ ಮಹಾಯುದ್ಧಕ್ಕೆ ಮುಂಚಿನದಂತೆ, ತಗೊಳ್ಳಲಾ?" ಅಂತ ಕೇಳಿದರು. ಚಾಸಿಸ್ ಏನೋ ಹಳೆಯದೇ. ಎಂಜಿನ್ ಮಾತ್ರ ಅಮೆರಿಕದ ಬ್ರಿಗ್ಸ್ ಆಂಡ್ ಸ್ಟ್ರಾಟನ್. ಕವಚದ ತಗಡಿನ ಮೇಲೆ ಕೋಡ್ ಕೊರೆದಿತ್ತು, 78ರಿಂದ ಶುರು. 1960ರ ದಶಕದ ನಡುವಿನಿಂದ ಈಚೆಗೆ ಬ್ರಿಗ್ಸ್ ಕೋಡ್ ಓದುವುದು ಬಹಳ ಸುಲಭ. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಅದರ ಮುಂದಿನ ಎರಡು ತಾರೀಖು. ಹಾಗಾಗಿ ಆ ಎಂಜಿನ್ 1978ರದ್ದು. "ತಗೊಳ್ಳಿ, ಆದರೆ ಯುದ್ಧಕ್ಕೆ ಮುಂಚಿನ ಬೆಲೆ ಕೊಡಬೇಡಿ" ಅಂದೆ.

ನಂಬರ್ ಓದುವುದಕ್ಕೆ ಮುಂಚೆ ಅದು ಕಾಣಬೇಕಲ್ಲ. ಹುಲ್ಲು, ಎಣ್ಣೆ, ಧೂಳು ಸೇರಿ ಕಲ್ಲಿನಂಥ ಪದರ ಕಟ್ಟಿರುತ್ತದೆ. ಇಲ್ಲಿ ತಂತಿ ಬ್ರಷ್ ಹಿಡಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹಿತ್ತಾಳೆ ಪ್ಲೇಟಿನ ಅಕ್ಷರ, ಅಂಟಿಸಿದ ಲೇಬಲ್, ಮೂಲ ಬಣ್ಣ, ಎಲ್ಲವೂ ಅದರಲ್ಲೇ ಹೋಗುತ್ತವೆ. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ನೆನೆಸಿ ಮೇಲೆ ಇಟ್ಟು ರಾತ್ರಿಯೆಲ್ಲ ಬಿಡುತ್ತೇನೆ. ಬೆಳಿಗ್ಗೆ ಹಳೇ ಟೂತ್ ಬ್ರಷ್ಷಿಗೆ ಬಿಟ್ಟುಕೊಡುತ್ತದೆ. ಒಣಗಿದ ಮೇಲೆ ಕೊರೆದ ನಂಬರಿನ ಮೇಲೆ ಸೀಮೆಸುಣ್ಣ ಉಜ್ಜಿ, ಬೆರಳಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಬಿಡುತ್ತೇನೆ. ಇಲ್ಲವೇ ಇಲ್ಲ ಅಂದುಕೊಂಡಿದ್ದ ಅಕ್ಷರವೂ ಎದ್ದು ಬರುತ್ತದೆ.

ಆದರೆ ಕಂಡ ನಂಬರೆಲ್ಲ ವರ್ಷ ಹೇಳುವುದಿಲ್ಲ. ಎರಕದ ಕಬ್ಬಿಣದಲ್ಲಿ ಉಬ್ಬಿ ನಿಂತಿರುವ ನಂಬರ್ ಸಾಮಾನ್ಯವಾಗಿ ಆ ಬಿಡಿಭಾಗದ ನಂಬರ್ ಅಷ್ಟೇ. ಅದೇ ಅಚ್ಚು ವರ್ಷಾನುಗಟ್ಟಲೆ ಓಡಿರುತ್ತದೆ. ಬೇಕಾದದ್ದು ಆಮೇಲೆ ಪಂಚ್ ಹೊಡೆದ ನಂಬರ್.

ಚಾಸಿಸ್ ವಿಷಯದಲ್ಲಿ ನನಗೆ ಜಾಸ್ತಿ ಸಹಾಯ ಮಾಡುವುದು ಪೇಟೆಂಟ್ ನಂಬರ್. ಬ್ರಿಟಿಷ್ ಪೇಟೆಂಟ್‌ಗಳಿಗೆ 1916ಕ್ಕೆ ಮುಂಚೆ ಪ್ರತಿ ವರ್ಷವೂ ಹೊಸದಾಗಿ ಒಂದರಿಂದ ನಂಬರ್ ಕೊಡುತ್ತಿದ್ದರು. 1916ರಲ್ಲಿ 100001ರಿಂದ ಶುರು ಮಾಡಿ ಒಂದೇ ಸಾಲಿನಲ್ಲಿ ಮುಂದುವರಿಸಿದರು. ಹಾಗಾಗಿ ಪ್ಲೇಟಿನ ಮೇಲೆ ಆರಂಕಿಯ ಬ್ರಿಟಿಷ್ ಪೇಟೆಂಟ್ ನಂಬರ್ ಇದ್ದರೆ ಯಂತ್ರ 1916ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. 4 ಲಕ್ಷ ದಾಟಿದ್ದರೆ ಸುಮಾರು 1933ಕ್ಕಿಂತ ಈಚಿನದು. ಒಂದಕ್ಕಿಂತ ಹೆಚ್ಚು ನಂಬರ್ ಇದ್ದರೆ ದೊಡ್ಡದನ್ನು ಹಿಡಿಯಬೇಕು. ಇದು ಹೇಳುವುದು ‘ಇದಕ್ಕಿಂತ ಮುಂಚೆ ಅಲ್ಲ’ ಅಂತ ಮಾತ್ರ. ಎಷ್ಟು ಈಚೆಗೆ ಅಂತ ಹೇಳುವುದಿಲ್ಲ.

ಕೈಯಲ್ಲಿ ತಳ್ಳುವ ತೀರಾ ಹಳೇ ಮೋವರ್‌ಗಳಲ್ಲಿ ಕೆಲವೊಮ್ಮೆ ವಜ್ರಾಕಾರದ ಗುರುತು ಸಿಗುತ್ತದೆ. ಅದು 1842ರಿಂದ 1883ರವರೆಗಿನ ವಿನ್ಯಾಸ ನೋಂದಣಿಯ ಮುದ್ರೆ. 1884ರಿಂದ ಅದರ ಜಾಗಕ್ಕೆ ಬರೀ ನಂಬರ್ ಬಂತು. ವಿಳಾಸವನ್ನೂ ಬಿಡಬೇಡಿ. ಲಂಡನ್ನಿನ ಅಂಚೆ ವಲಯಗಳಿಗೆ ಅಂಕಿ ಸೇರಿದ್ದು 1917ರಲ್ಲಿ. ಬರೀ ‘ಎಸ್.ಇ.’ ಅಂತಿದ್ದರೆ ಅದಕ್ಕೆ ಹಿಂದಿನ ಪ್ಲೇಟ್ ಇರಬಹುದು, ‘ಎಸ್.ಇ.1’ ಅಂತಿದ್ದರೆ ಖಂಡಿತ ಈಚಿನದು. ಕಂಪನಿಯ ಹೆಸರೂ ಹಾಗೆಯೇ. ಇಪ್ಸ್‌ವಿಚ್‌ನ ರಾನ್ಸಮ್ಸ್ 1832ರಿಂದಲೇ ಮೋವರ್ ಮಾಡುತ್ತಿತ್ತು. ಆದರೆ ‘ರಾನ್ಸಮ್ಸ್, ಸಿಮ್ಸ್ ಆಂಡ್ ಜೆಫ್ರೀಸ್’ ಅನ್ನುವ ಹೆಸರು ಬಂದದ್ದು 1884ರಲ್ಲಿ. ಪಾಲುದಾರರು ಬದಲಾದಾಗಲೆಲ್ಲ ಹೆಸರು ಬದಲಾಗಿದೆ. ಆಗ ಅವರಿಗೆ ತಲೆನೋವಾಗಿರಬಹುದು, ನಮಗೆ ಲಾಭ.

ಈಗ ಎಂಜಿನ್ನಿಗೆ ಬರೋಣ. 1920, 30ರ ದಶಕದ ಮೋವರ್‌ಗಳಲ್ಲಿ ವೊಲ್ವರ್‌ಹ್ಯಾಂಪ್ಟನ್‌ನ ವಿಲಿಯರ್ಸ್ ಟೂ ಸ್ಟ್ರೋಕ್ ಎಂಜಿನ್ ಬಹಳ ಸಿಗುತ್ತದೆ. ನಮ್ಮ ಕಡೆ ಹಿರಿಯ ಮೆಕ್ಯಾನಿಕ್‌ಗಳಿಗೆ ಈ ಹೆಸರು ಗೊತ್ತಿರಬಹುದು. ಮದ್ರಾಸಿನಲ್ಲಿ ಮಾಡುತ್ತಿದ್ದ ಎನ್‌ಫೀಲ್ಡ್ ಫ್ಯಾಂಟಾಬ್ಯುಲಸ್ ಸ್ಕೂಟರಿನಲ್ಲೂ ವಿಲಿಯರ್ಸ್ ಎಂಜಿನ್ನೇ ಇತ್ತು. ವಿಲಿಯರ್ಸ್ ನಂಬರಿನ ಮುಂದೆ ಅಕ್ಷರಗಳು ಇರುತ್ತವೆ. ಅವು ಎಂಜಿನ್ ಯಾವ ಬಗೆಯದು ಅಂತ ಹೇಳುತ್ತವೆ, ವರ್ಷವನ್ನಲ್ಲ. ಆ ಬಗೆ ಯಾವಾಗ ತಯಾರಾಗುತ್ತಿತ್ತು ಅಂತ ಪಟ್ಟಿಗಳಲ್ಲಿ ಹುಡುಕಬೇಕು. ಅಕ್ಷರ ಬಿಟ್ಟು ಬರೀ ಅಂಕಿ ಬರೆದುಕೊಂಡು ಬರುವವರೇ ಜಾಸ್ತಿ. ಅದರಿಂದ ಏನೂ ಗೊತ್ತಾಗುವುದಿಲ್ಲ.

ನನಗೆ ತುಂಬಾ ಖುಷಿ ಕೊಡುವುದು ಜೆ.ಎ.ಪಿ. ಎಂಜಿನ್. ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಜೆ.ಎ. ಪ್ರೆಸ್ಟ್‌ವಿಚ್ ಕಂಪನಿ ಮಾಡುತ್ತಿದ್ದದ್ದು. ಇವರು ವರ್ಷವನ್ನು ಗುಟ್ಟಾಗಿ ಅಕ್ಷರದಲ್ಲಿ ಬರೆಯುತ್ತಿದ್ದರು. ‘ನ್ಯೂಮ್ಯಾಟಿಕ್ಸ್’ ಪದದ ಇಂಗ್ಲಿಷ್ ಸ್ಪೆಲಿಂಗ್ ನೆನಪಿಸಿಕೊಳ್ಳಿ: ಪಿ, ಎನ್, ಇ, ಯು, ಎಂ, ಎ, ಟಿ, ಐ, ಸಿ, ಎಸ್. ಹತ್ತು ಅಕ್ಷರ, ಒಂದೂ ಎರಡು ಸಲ ಬರುವುದಿಲ್ಲ. ಪಿ ಅಂದರೆ 1920, ಎನ್ ಅಂದರೆ 1921, ಹೀಗೆ ಎಸ್ ಅಂದರೆ 1929. 1930ರಿಂದ ಮತ್ತೆ ಪಿಯಿಂದಲೇ ಶುರು. ತೊಡಕು ಇರುವುದು ಇಲ್ಲೇ. ಒಂದೊಂದು ಅಕ್ಷರಕ್ಕೂ ಎರಡೆರಡು ವರ್ಷ.

ನನ್ನ ಹತ್ತಿರ ಇರುವ ಒಂದು ಮೋಟಾರ್ ಮೋವರಿನ ಜೆ.ಎ.ಪಿ. ನಂಬರಿನ ಕೊನೆಯಲ್ಲಿ ‘ಟಿ’ ಇದೆ. 1926 ಅಥವಾ 1936. ಯಾವುದು? ಮೊದಲು ಕಾರ್ಬೊರೇಟರ್ ನೋಡಿದೆ. ಆಮಲ್ ಅಂತ ಇತ್ತು. ಮೂರು ಕಂಪನಿ ಸೇರಿ ಆಮಲ್ ಆದದ್ದು 1927ರಲ್ಲಿ. ಹಾಗಂತ 1936 ಅಂತ ತೀರ್ಮಾನಿಸುವ ಹಾಗಿಲ್ಲ, ಕಾರ್ಬೊರೇಟರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಸ್ಪಾರ್ಕ್ ಪ್ಲಗ್ 18 ಮಿಲಿಮೀಟರಿನದು. ಅದು ಹಳೇ ಅಳತೆ, 14 ಆಮೇಲೆ ಬಂದದ್ದು. ಆದರೆ 30ರ ದಶಕದಲ್ಲೂ 18 ಸಾಕಷ್ಟು ಇತ್ತು, ಅದರಿಂದಲೂ ಉಪಯೋಗ ಆಗಲಿಲ್ಲ. ಎಂಜಿನ್ ಕೂತ ಬೋಲ್ಟುಗಳನ್ನು ನೋಡಿದೆ. ಎಲ್ಲಕ್ಕೂ ಹಳೇ ಬ್ರಿಟಿಷ್ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ರೇ ಸರಿಯಾಗಿ ಕೂತಿತು, ಹೊಸದಾಗಿ ಕೊರೆದ ತೂತು ಒಂದೂ ಇಲ್ಲ. ಎಂಜಿನ್ ಕೆಳಗಿನ ಬಣ್ಣ, ಚಾಸಿಸ್ಸಿನ ಬಣ್ಣ ಎರಡೂ ಒಂದೇ. ಅಂದರೆ ಇವೆರಡೂ ಮೊದಲಿಂದ ಜೊತೆಗಿದ್ದವು ಅನ್ನಬಹುದು. ಆಮೇಲೆ ಚಾಸಿಸ್ ಪ್ಲೇಟಿಗೆ ಹೋದೆ. ಅಲ್ಲಿದ್ದ ಪೇಟೆಂಟ್ ನಂಬರ್ 4 ಲಕ್ಷ ದಾಟಿತ್ತು. 1926 ಅಲ್ಲಿಗೆ ಬಿದ್ದುಹೋಯಿತು. ಎಂಜಿನ್ 1936ರದ್ದು. ಯಂತ್ರ ಅದೇ ವರ್ಷ ಅಥವಾ ಮುಂದಿನ ವರ್ಷದ ಹುಲ್ಲಿನ ಕಾಲಕ್ಕೆ ಅಂಗಡಿಗೆ ಬಂದಿರಬೇಕು.

ಯುದ್ಧದ ವರ್ಷಗಳಲ್ಲಿ ಈ ಕಾರ್ಖಾನೆಗಳೆಲ್ಲ ಯುದ್ಧದ ಸಾಮಾನು ಮಾಡುತ್ತಿದ್ದವು. ಯಾರಾದರೂ 1942ರ ಹೊಸ ಮಾಡೆಲ್ ಅಂದರೆ ನಾನು ಸುಮ್ನೆ ನಕ್ಕು ಮುಂದಕ್ಕೆ ಹೋಗುತ್ತೇನೆ. ಯುದ್ಧದ ನಂತರದವುಗಳಿಗೆ ಕಂಪನಿಗಳು ಕೈ ಬದಲಾದ ವರ್ಷಗಳೇ ಗುರುತು. ಸ್ಟೋಮಾರ್ಕೆಟ್‌ನ ಸಫೋಕ್ ಮತ್ತು ಡರ್ಬಿಯ ಕ್ವಾಲ್‌ಕ್ಯಾಸ್ಟ್ ಒಂದಾದದ್ದು 1958ರಲ್ಲಿ. ಆಟ್ಕೋ ಕೂಡ ಕ್ವಾಲ್‌ಕ್ಯಾಸ್ಟ್ ಕೈಗೆ ಹೋದದ್ದು 1962ರಲ್ಲಿ. ಲೇಬಲ್ಲಿನಲ್ಲಿ ಯಾರ ಹೆಸರಿನ ಜೊತೆ ಯಾರ ಹೆಸರಿದೆ ನೋಡಿದರೆ ಅರ್ಧ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕಿನ ಹುಲ್ಲಿನ ಡಬ್ಬ ನೋಡಿ ಮಾತ್ರ ವರ್ಷ ಹೇಳಬೇಡಿ. ಮೊದಲು ಕಳೆದುಹೋಗುವುದು, ಮೊದಲು ಬದಲಾಗುವುದು ಅದೇ.

ಇಷ್ಟಾದ ಮೇಲೆ ಹಳೇ ಕ್ಯಾಟಲಾಗ್ ಜೊತೆ ಹೋಲಿಸಿ ನೋಡುತ್ತೇನೆ. ರಾನ್ಸಮ್ಸ್ ಕಂಪನಿಯ ದಾಖಲೆಗಳು ರೆಡಿಂಗ್‌ನ ಗ್ರಾಮೀಣ ಬದುಕಿನ ಮ್ಯೂಸಿಯಂನಲ್ಲಿವೆ. ಓಲ್ಡ್ ಲಾನ್‌ಮೋವರ್ ಕ್ಲಬ್ಬಿನ ಸದಸ್ಯರು ಹಿಡಿಯ ಬಾಗು ನೋಡಿಯೇ ಮಾಡೆಲ್ ಹೇಳಬಲ್ಲವರು. ಚಿತ್ರದಲ್ಲಿ ನಾನು ನೋಡುವುದು ಪಕ್ಕದ ಎರಕದ ಆಕಾರ, ಚೈನ್ ಕವರ್, ಹಿಡಿ, ಬ್ಲೇಡಿನ ಎತ್ತರ ಹೊಂದಿಸುವ ತಿರುಪು. ಬಣ್ಣವನ್ನು ಕೊನೆಗೆ ನೋಡುತ್ತೇನೆ.

ವರ್ಷ ಬರೆದಿಡುವಾಗ ಒಂದೇ ಅಂಕಿ ಬರೆಯುವುದಿಲ್ಲ. ಜೆ.ಎ.ಪಿ. ಮೋವರಿನ ಹಿಡಿಗೆ ಕಟ್ಟಿರುವ ಚೀಟಿಯಲ್ಲಿ "ಎಂಜಿನ್ 1936, ಅಕ್ಷರದಿಂದ. ಚಾಸಿಸ್ 1933ರ ನಂತರ, ಪೇಟೆಂಟ್‌ನಿಂದ. ಕಾರ್ಬೊರೇಟರ್ ಮೂಲದ್ದೋ ಅಲ್ಲವೋ ಗೊತ್ತಿಲ್ಲ" ಅಂತಿದೆ. ನಾಳೆ ಇದನ್ನು ಕೊಳ್ಳುವವರು ಹೊಸ ಕ್ಯಾಟಲಾಗ್ ಸಿಕ್ಕರೆ ಎಲ್ಲಿಂದ ಮುಂದುವರಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ನನ್ನನ್ನು ಕೇಳುವವರಿಗೂ ಇಷ್ಟೇ ಹೇಳುತ್ತೇನೆ: ದೂರದಿಂದ ತೆಗೆದ ಚಂದದ ಫೋಟೋ ಬೇಡ. ಪ್ಲೇಟ್, ಎಂಜಿನ್ ನಂಬರ್ ಅದರ ಅಕ್ಷರಗಳ ಸಮೇತ, ಕಾರ್ಬೊರೇಟರ್, ಎಂಜಿನ್ ಕೂತ ಬೋಲ್ಟುಗಳು. ಈ ನಾಲ್ಕನ್ನು ಹತ್ತಿರದಿಂದ ತೆಗೆದು ಕಳಿಸಿ, ಬಣ್ಣ ಬಳಿಯುವುದಕ್ಕೆ ಮುಂಚೆ.